ಶಂಭುಲಿಂಗಯ್ಯನ ಕತೆ ಮುಗಿಯಿತು

ಎಪ್ಪತ್ತೆಂಟನೇ ಇಸವಿ, ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಬಸ್ಸಿನಿಂದ ಶಂಭುಲಿಂಗಯ್ಯ ಕಿಬ್ಬನಹಳ್ಳಿಯಲ್ಲಿ ಇಳಿದದ್ದನ್ನು ಕಂಡು ಟೀ ಅಂಗಡಿಯ ಹುಚ್ಚರಂಗಯ್ಯ ಕೈಯಲ್ಲಿದ್ದ ಲೋಟವನ್ನು ಒಲೆಯೊಳಕ್ಕೇ ಬಿಟ್ಟ.

"ನೀನು ಸತ್ತಿದ್ದೆ ಕಣಪ್ಪ!"

"ಯಾರ್ಲಾ ಹೇಳಿದ್ದು?"

"ನೀನೇ ತಂತಿ ಕೊಟ್ಟಿದ್ದೆ. ಇವತ್ತು ನಿನ್ನ ಹನ್ನೊಂದ್ನೇ ದಿನ. ಅಂಗಡಿ ಮುಚ್ಚಿ ನಿಮ್ಮನೆ ಊಟಕ್ಕೇ ಹೊಂಟಿದ್ದೆ."

ಶಂಭುಲಿಂಗಯ್ಯ ಇಪ್ಪತ್ತು ವರ್ಷದಿಂದ ಕತೆ ಬರೆಯುತ್ತಿದ್ದ. ಒಂದಾದರೂ ಅಚ್ಚಿನಲ್ಲಿ ಕಾಣಬೇಕೆಂಬುದೇ ಅವನ ಆಸೆ. ಕಳಿಸಿದ ಕತೆಗಳೆಲ್ಲ ಸಂಜೆ ಎಮ್ಮೆಗಳ ಹಾಗೆ ತಪ್ಪದೆ ಮನೆಗೆ ಬರುತ್ತಿದ್ದವು. ಈ ತೆಂಗಿನ ನಾಡಿನಲ್ಲಿ ಕತೆಯೇ ಹುಟ್ಟುವುದಿಲ್ಲವೆಂದು ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋದ. ದ್ವೀಪದಿಂದ ದ್ವೀಪಕ್ಕೆ ಅಲೆದರೂ ಕಂಡದ್ದು ತೆಂಗೇ. ಅಂತೂ ಒಂದು ಕತೆ ಕೈಗೂಡಿತು. ಆ ಸಂತೋಷಕ್ಕೆ ಹೆಂಡತಿ ಸುವರ್ಣಮ್ಮನಿಗೆ ಮೂರೇ ಪದದ ತಂತಿ ಕೊಟ್ಟ: "ಕತೆ ಮುಗಿಯಿತು. ಶಂಭುಲಿಂಗಯ್ಯ." ಹಿಂದಿರುಗುವ ಹಡಗು ಸಿಕ್ಕಿದ್ದು ಎಂಟು ದಿನದ ಮೇಲೆ.

ಊರಲ್ಲಿ ತಂತಿ ಬಂದರೆ ಸಾವೇ. ಅದನ್ನು ಓದಿದವನು ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಕಾಡಸಿದ್ದಪ್ಪ. "ಶಂಭುಲಿಂಗಯ್ಯನ ಕತೆ ಮುಗೀತಂತೆ ಕಣ್ರಪ್ಪೋ" ಎಂದು ಬೀದಿಯಲ್ಲಿ ಸಾರಿದ. ಹೆಣ ಎಲ್ಲಿ ಎಂದವರಿಗೆ, "ಸಮುದ್ರಕ್ಕೆ ಬಿದ್ದೋನ್ನ ಎಲ್ಲಿ ಅಂತ ಹುಡುಕ್ತೀರಾ" ಎಂದ.

ಶಂಭುಲಿಂಗಯ್ಯ ಮನೆ ಮುಟ್ಟುವ ಹೊತ್ತಿಗೆ ಚಪ್ಪರದಡಿ ಎಲೆ ಹಾಕಿತ್ತು. ಕಾಡಸಿದ್ದಪ್ಪನಿಗೆ ಅವನನ್ನು ನೋಡಿ ಬೇಸರವೇ ಆಯಿತು.

"ಇನ್ನೂರು ಜನಕ್ಕೆ ಮಾಡ್ಸಿದೀನಿ. ಪಂಕ್ತಿ ಏಳೋವರ್ಗೂ ಹಿತ್ಲಲ್ಲಿ ಕೂತಿರು ಕಣಪ್ಪ."

ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಕೂತು ಶಂಭುಲಿಂಗಯ್ಯ ತನ್ನ ಕಾರ್ಯದ ಊಟ ತಾನೇ ಉಂಡ. ಬಡಿಸಲು ಬಂದ ನೆರೆಯ ಗುರುಶಾಂತಮ್ಮ, "ಇನ್ನೊಂಚೂರು ಪಾಯಸ ಹಾಕುಸ್ಕೊಳ್ರೀ. ಸತ್ತೋರ ಹೆಸ್ರಲ್ಲಿ ಮಾಡಿದ್ದು, ಬ್ಯಾಡ ಅನ್ಬಾರ್ದು" ಎಂದಳು.

ಆಮೇಲೆ ಸುವರ್ಣಮ್ಮ ಬಂದಳು. ಹಣೆ ಬರಿದು, ಕೈ ಬರಿದು. ಬಳೆ ಒಡೆದ ಕಡೆ ಗಾಯ ಇನ್ನೂ ಮಾಗಿರಲಿಲ್ಲ. ಗಂಡನ ಅಂಗೈ ಹಿಡಿದು, "ಬಿಸಿ ಐತೆ" ಎಂದಷ್ಟೇ ಅಂದಳು. ಗುರುಶಾಂತಮ್ಮ ಓಡಿಹೋಗಿ ಅಂಗಡಿಯಿಂದ ಒಂದು ಡಜನ್ ಹಸಿರು ಬಳೆ ತಂದಳು.

ಅಷ್ಟರಲ್ಲಿ ಕಾಡಸಿದ್ದಪ್ಪ ಅಂಚೆಯಲ್ಲಿ ಬಂದ ಕಾಗದ ಹಿಡಿದು ಬಂದ. ಸಾವಿನ ಸುದ್ದಿಯನ್ನು ಅವನು ವಾರಪತ್ರಿಕೆಗೂ ಬರೆದಿದ್ದನಂತೆ. ದಿವಂಗತರ ನೆನಪಿಗೆ ಅವರ ಕತೆಯೊಂದನ್ನು ಅಚ್ಚು ಹಾಕುತ್ತೇವೆ, ಅವರ ವಿಧವೆ ಕೆಳಗೆ ಸಹಿ ಮಾಡಿ ಕತೆಯ ಜೊತೆ ಕಳಿಸಬೇಕು ಎಂದು ಸಂಪಾದಕರು ತಿಳಿಸಿದ್ದರು.

ಶಂಭುಲಿಂಗಯ್ಯ ಮೂರು ಸಲ ಓದಿದ. ಕಣ್ಣು ತುಂಬಿ ಬಂತು.

"ಬದ್ಕಿದೀನಿ ಅಂತ ಬರದ್ರೆ ಮುಗೀತು, ಕತೆ ವಾಪಸ್ ಬತ್ತದೆ" ಎಂದ ಕಾಡಸಿದ್ದಪ್ಪ. "ಒಂದು ತಿಂಗ್ಳು ಸತ್ತಿರು ಬುಡು. ಏನ್ ಗಂಟು ಹೋಯ್ತದೆ?"

ಶಂಭುಲಿಂಗಯ್ಯ ಕಾಗದವನ್ನು ಹೆಂಡತಿಯ ಮುಂದಿಟ್ಟು ಪೆನ್ನು ಕೊಟ್ಟ.

"ವಿಧವೆ ಅಂತ ಬರದೈತಲ್ರೀ."

"ಬರೀ ಕಾಗ್ದ ಕಣೇ."

"ಯೋಚ್ನೆ ಮಾಡಿ ಹೇಳ್ರೀ. ಹಾಕ್ಲಾ?"

"ಹಾಕೇ, ಹಾಕು."

ಸುವರ್ಣಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಇನ್ನೂ ತೊಡದಿದ್ದ ಬಳೆಗಳನ್ನು ತಂದ ಪೊಟ್ಟಣದಲ್ಲೇ ಸುತ್ತಿ ಗುರುಶಾಂತಮ್ಮನ ಕೈಗಿಟ್ಟಳು.

"ಅಂಗ್ಡಿಗೆ ಕೊಟ್ಬುಡಕ್ಕ."

ಶಂಭುಲಿಂಗಯ್ಯ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ಹತ್ತು ದಿನ ಅತ್ತು ಮುಗ್ಸಿದೀನಿ ಕಣ್ರೀ" ಎಂದಳು ಸುವರ್ಣಮ್ಮ. "ಇನ್ನೊಂದ್ಸಲ ಅಳಕ್ಕೆ ನನ್ನ ಕೈಲಾಗಲ್ಲ."

ಅದು ಶನಿವಾರ. ಸೋಮವಾರ ಬೆಳಿಗ್ಗೆ ಸುವರ್ಣಮ್ಮ ದಂಡಿನಶಿವರಕ್ಕೆ, ತನ್ನ ತವರಿಗೆ, ಹೊರಟುಹೋದಳು.