ಪಕ್ಕದ ಮನೆಯ ಮೋಟಾರು ಸೈಕಲ್ಲಿನ ತಿರುಪು

ದೊಡ್ಡವರನ್ನು ಕಂಡು ಹೊಟ್ಟೆಕಿಚ್ಚು ಪಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಗಣಿಯ ದೊರೆಗಳು ಬಂಗಲೆಯ ಮುಂದೆ ಗುಲಾಬಿ ಬೆಳೆಸಲಿ, ಬ್ಯಾಂಡು ಬಾರಿಸಿಕೊಂಡು ಕುಣಿಯಲಿ, ನನಗೇನೂ ಆಗುವುದಿಲ್ಲ. ಆದರೆ ಪಕ್ಕದ ಮನೆಯ ಮಾಡಿನಲ್ಲಿ ಒಂದೇ ಒಂದು ಹೊಸ ಹಂಚು ಕಂಡರೂ ಅವತ್ತು ನನ್ನ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ. ಇದು ವಂಶದಿಂದ ಬಂದದ್ದು. ಪಕ್ಕದ ಮನೆಯಿಂದ ಹಿತಕಿದ ಅವರೆಬೇಳೆ ಸಾರಿನ ಘಮ ಬಂದರೆ ನಮ್ಮ ಸೋದರತ್ತೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಹೋಗಿ ತೆರೆಯುತ್ತಲೂ ಇದ್ದಳು.

ಆಗ ನಾನು ಕೋಲಾರದ ಚಿನ್ನದ ಗಣಿಯಲ್ಲಿ, ಸುರಂಗದ ಚಾವಣಿಗೆ ಆನಿಸುವ ಮರದ ಕಂಬಗಳನ್ನು ಇಳಿಸಿಕೊಡುವ ಕಡೆ ಗುಮಾಸ್ತ. ಇಂಗ್ಲೆಂಡಿಗೆ ವಾಪಸು ಹೊರಟ ದೊರೆಯೊಬ್ಬನಿಂದ ಒಂದು ಮೋಟಾರು ಸೈಕಲ್ಲು ಕೊಂಡೆ. ಹಸಿರು ಬಣ್ಣ, ಹಿತ್ತಾಳೆಯ ಹಾರನ್. ಮೂರು ವಾರ ನಮ್ಮ ಸಾಲುಮನೆಗಳಿಗೆಲ್ಲ ನಾನೇ ರಾಜ. ನಾಲ್ಕನೇ ವಾರ ಪಕ್ಕದ ಮನೆಯ ಏಳುಮಲೈ ಕೂಡ ಒಂದನ್ನು ತಳ್ಳಿಕೊಂಡು ಬಂದ. ಅವನು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆ ಗಾಡಿಗೆ ಬಣ್ಣವೂ ಇರಲಿಲ್ಲ, ಹಾರನ್ನೂ ಇರಲಿಲ್ಲ. ನಾನು ಕನಿಕರದಿಂದ ನಕ್ಕೆ.

ಆ ನಗು ಬೇತಮಂಗಲದ ಕೆರೆ ಏರಿಯ ತಿರುವಿನವರೆಗೆ ಮಾತ್ರ ಬಂತು. ಬೇತಮಂಗಲ ನನ್ನ ಹೆಂಡತಿ ರತ್ನಳ ತವರು. ಆ ತಿರುವಿನಲ್ಲಿ ನನ್ನ ಗಾಡಿಯ ಮುಂದಿನ ಚಕ್ರ ಕಪ್ಪೆಯ ಹಾಗೆ ಕುಪ್ಪಳಿಸಿ ನಮ್ಮಿಬ್ಬರನ್ನೂ ಕಳ್ಳಿ ಬೇಲಿಗೆ ಒಪ್ಪಿಸಿತು. ನಾವು ಮುಳ್ಳು ಕಿತ್ತುಕೊಳ್ಳುತ್ತಿರುವಾಗಲೇ ಏಳುಮಲೈ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅದೇ ತಿರುವನ್ನು ಸಲೀಸಾಗಿ ದಾಟಿ, ನಿಲ್ಲಿಸಿ, ನಮ್ಮನ್ನು ಎತ್ತಿದ. ಬಿದ್ದದ್ದಕ್ಕಿಂತ ಅವನು ಎತ್ತಿದ್ದೇ ನನ್ನನ್ನು ಹೆಚ್ಚು ನೋಯಿಸಿತು.

"ನಿಮ್ಮ ಇಂದೆ ಕೂತ್ಕೊಂಡು ಆಸ್ಪತ್ರೆಗೆ ಓಗೋದ್ಕಿಂತ ಜಟ್ಕಾದಾಗೆ ತೌರಿಗೆ ಓಗ್ತೀನಿ" ಎಂದಳು ರತ್ನ. "ಆಯಪ್ಪ ಎಂಗೆ ಓಡಿಸ್ತಾನೆ ನೋಡಿ ಕಲೀರಿ." ಹೆಂಡತಿಯ ಬಾಯಲ್ಲಿ ಪಕ್ಕದ ಮನೆಯವನ ಹೊಗಳಿಕೆ ಕೇಳಿದ ಗಂಡಸಿಗೆ ಬೇರೆ ನರಕ ಬೇಕಿಲ್ಲ.

ಎರಡು ಗಾಡಿಗೂ ಮುಂದಿನ ಚಕ್ರದ ಮೇಲೆ ಒಂದು ಸ್ಪ್ರಿಂಗು, ಪಕ್ಕದಲ್ಲಿ ಕೈಯಲ್ಲೇ ತಿರುಗಿಸುವ ಒಂದು ತಿರುಪು. ಬಿಗಿದಷ್ಟೂ ಸ್ಪ್ರಿಂಗಿನ ಕುಣಿತ ಕಡಿಮೆ. ಗಣಿಯವರಿಗೆ ಅಲುಗಾಡುವುದನ್ನು ಕಂಡರೆ ಆಗದು. ಕಂಬ ಕೂದಲೆಳೆಯಷ್ಟು ಅಲುಗಿದರೂ ಬೆಣೆ ಹೊಡೆದು ಬಿಗಿಯುತ್ತೇವೆ. ನಾನೂ ಗಾಡಿ ಕುಪ್ಪಳಿಸಿದಾಗಲೆಲ್ಲ ತಿರುಪು ಬಿಗಿದೆ. ಅದು ಇನ್ನಷ್ಟು ಕುಪ್ಪಳಿಸಿತು, ನಾನು ಇನ್ನಷ್ಟು ಬಿಗಿದೆ. ಕೊನೆಗೆ ಇಕ್ಕಳ ಹಾಕಿ ಬಿಗಿದೆ.

ಒಂದು ಶನಿವಾರ ಮಧ್ಯಾಹ್ನ ಏಳುಮಲೈ ಗಾಡಿ ಮನೆ ಮುಂದೆ ಬಿಟ್ಟು ಕೆಲಸಕ್ಕೆ ಹೋಗಿದ್ದ. ಗುಟ್ಟು ತಿಳಿಯೋಣವೆಂದು ಅವನ ತಿರುಪು ಮುಟ್ಟಿ ನೋಡಿದೆ. ಸಡಿಲವಾಗಿತ್ತು! ಇಷ್ಟು ಸಡಿಲ ಬಿಟ್ಟುಕೊಂಡೂ ಬೀಳದವನ ಅದೃಷ್ಟವೆಂಥದ್ದು! ಯಾರೂ ಇಲ್ಲದ್ದು ನೋಡಿ ಅದನ್ನು ಪೂರ್ತಿ ಸಡಿಲಿಸಿಬಿಟ್ಟೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಬೀಳಲಿ ಅಂದುಕೊಂಡಿದ್ದೆನೇ ಹೊರತು ಪೆಟ್ಟಾಗಲಿ ಎಂದಲ್ಲ. ಸಂಜೆ ಅವನ ಗಾಡಿ ಹೊರಟು, ಮತ್ತೆ ಬಂದು ನಿಂತ ಸದ್ದು ಕೇಳುವವರೆಗೂ ನನ್ನ ಜೀವ ಜೀವದಲ್ಲಿರಲಿಲ್ಲ. ಕೇಳಿದ ಮೇಲೆ ಮತ್ತೆ ಹೊಟ್ಟೆ ಉರಿಯಿತು.

ಮರುದಿನ ರತ್ನಳ ಅಣ್ಣನ ಮಗುವಿಗೆ ನಾಮಕರಣ. ಜಟ್ಕಾ ಸಿಗಲಿಲ್ಲ. ದೇವರನ್ನು ನೆನೆಯುತ್ತಾ ರತ್ನ ನನ್ನ ಹಿಂದೆ ಕೂತಳು. ಏರಿಯ ತಿರುವು ಬಂತು. ನಾನು ಕಣ್ಣು ಅರ್ಧ ಮುಚ್ಚಿದೆ. ಗಾಡಿ ನೆಲ ಬಿಡದೆ ಮೃದುವಾಗಿ ಬಾಗಿ ದಾಟಿತು. "ಇವತ್ತು ಏಳುಮಲೈ ಓಡಿಸ್ದಂಗೇ ಓಡಿಸಿದ್ರಿ" ಎಂದಳು. ಆ ಮೆಚ್ಚುಗೆಯಲ್ಲೂ ಅವನ ಹೆಸರು! ಆದರೂ ಊಟದ ಪಂಕ್ತಿಯಲ್ಲಿ ಭಾವಮೈದುನನಿಗೆ, ತಿರುಪನ್ನು ಹೇಗೆ ಬಿಗಿಯಬೇಕೆಂದು ಹೋಳಿಗೆ ಬಡಿಸಿ ಮುಗಿಯುವವರೆಗೂ ಉಪದೇಶ ಮಾಡಿದೆ.

ವಾಪಸು ಬಂದಾಗ ಏಳುಮಲೈ ಬಾಗಿಲಲ್ಲೇ ಕಾದಿದ್ದ.

"ಸಾಮಿ, ಗಾಡಿ ಚೆನ್ನಾಗ್ ಓಡ್ತಾ? ನೆನ್ನೆ ಯಾವನೋ ನನ್ನ ತಿರುಪು ಪೂರಾ ಬಿಚ್ಬಿಟ್ಟಿದ್ದ. ಒರಡೋ ಮುಂಚೆ ಹ್ಯಾಂಡಲ್ ಅದುಮಿ ನೋಡೋದು ನನ್ ವಾಡಿಕೆ, ತಿಳಿದೋಯ್ತು. ನಿಮ್ದೂ ಕೆಡಿಸವ್ನೇನೋ ಅಂತ ಬೆಳಿಗ್ಗೆ ನೋಡಿದ್ರೆ, ಅಯ್ಯೋ ಕಡವುಳೇ! ಆ ಪಾಪಿ ಇಕ್ಕಳ ಹಾಕಿ ಬಿಗ್ದವ್ನೆ! ನೆಲ ಕುಣಿದ್ರೆ ಚಕ್ರಾನೂ ಜೊತೇಲಿ ಕುಣೀಬೇಕು ಸಾಮಿ. ಬಿಗಿದ್ರೆ ಎಗರ್ತದೆ, ಪೂರಾ ಬಿಟ್ರೆ ಓಲಾಡ್ತದೆ. ನೀವು ಮಲಗಿದ್ರಿ, ಎಬ್ಬಿಸ್ದೆ ನಾನೇ ಸರಿ ಮಾಡ್ದೆ."

ನಾನು ಬಗ್ಗಿ ನನ್ನ ಗಾಡಿಯ ತಿರುಪು ಮುಟ್ಟಿ ನೋಡಿದೆ.

"ನಮ್ಮಿಬ್ಬರ ಮೇಲೂ ಯಾವನಿಗೋ ಒಟ್ಟೆಕಿಚ್ಚು" ಎಂದು ಅವನು ದನಿ ತಗ್ಗಿಸಿದ. "ನಿಮ್ಮೇಲೇ ಜಾಸ್ತಿ ಸಾಮಿ. ನಂದು ಬರೀ ಸಡಿಲ ಮಾಡವ್ನೆ, ನಿಮ್ದು ನೋಡಿ! ನಿಮ್ ಕಿಟಕಿಯಿಂದ ನನ್ ಗಾಡಿ ಕಾಣ್ತದೆ. ಒಸಿ ಕಣ್ಣಿಟ್ಟಿರಿ."

"ಆಗಲಿ ಕಣಯ್ಯ" ಎಂದೆ.

ಅಂದಿನಿಂದ ಅವನ ಗಾಡಿಗೆ ನಾನೇ ಕಾವಲು. ಒಂದು ದಿನವೂ ಕಳ್ಳ ಬಂದಿಲ್ಲವೆಂದು ಏಳುಮಲೈ ಬೀದಿಯಲ್ಲೆಲ್ಲ ನನ್ನನ್ನು ಹೊಗಳುತ್ತಾನೆ. ರತ್ನ ಮಾತ್ರ, ನಾನು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡಾಗಲೆಲ್ಲ ಒಳಗಿನಿಂದ ಕೂಗುತ್ತಾಳೆ: "ಕಾಯೋದು ಕಾಯಿರಿ, ಕೈ ಕಟ್ಕೊಂಡು ಕೂತ್ಕೊಳಿ!"