ಅಲ್ಲಿಯ ಬಿ.ಎ., ಇಲ್ಲಿಯ ಬಿ.ಎ.

ಕೆಲವರಿಗೆ ಹೋದಲ್ಲೆಲ್ಲ ನಾಯಿ ಬೊಗಳುತ್ತದೆ. ನನಗೆ ಹೋದಲ್ಲೆಲ್ಲ ‘ನಿಮ್ಮ ಡಿಗ್ರಿ ಇಲ್ಲಿ ನಡೆಯುತ್ತಾ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು.

ಸ್ವಾತಂತ್ರ್ಯ ಬಂದ ಹೊಸತು. ನಾನು ಜಡಿಗೇನಹಳ್ಳಿಯ ರೈತರ ಮಗ. ಸೋದರಮಾವ ಉತ್ತರದ ಕಡೆ ರೈಲ್ವೆಯಲ್ಲಿದ್ದರು. ಅವರ ಮನೆಯಲ್ಲಿದ್ದು ಅಲ್ಲಿಯೇ ಬಿ.ಎ. ಮುಗಿಸಿಕೊಂಡು ಬಂದೆ. ದೇವನಹಳ್ಳಿ ಪಕ್ಕದ ವಿಜಯಪುರದ ಹತ್ತಿರ ಒಂದು ಸ್ಕೂಲಿನಲ್ಲಿ ಮೇಷ್ಟ್ರ ಕೆಲಸವೂ ಸಿಕ್ಕಿತು, ಆದರೆ ಹಂಗಾಮಿ. ಆ ಬಿ.ಎ. ನಮ್ಮ ಮೈಸೂರು ಸೀಮೆಯ ಬಿ.ಎ.ಗೆ ಸಮವೋ ಅಲ್ಲವೋ ಎಂದು ಯಾರೂ ತೀರ್ಮಾನಿಸಿರಲಿಲ್ಲ. “ದೇಶದ ಎಲ್ಲಾ ಡಿಗ್ರಿಗೂ ಒಂದೇ ಮಟ್ಟ ಗೊತ್ತು ಮಾಡೋಕೆ ದೊಡ್ಡವರೆಲ್ಲ ದೆಹಲಿಯಲ್ಲಿ ಕೂತಿದ್ದಾರೆ. ಅವರು ಏಳೋವರೆಗೂ ನೀವು ಕಾಯಬೇಕು” ಎಂದರು ನಮ್ಮ ಹೆಡ್‌ಮಾಸ್ಟರು. ಸಮ ಅಂದರೆ ಕೆಲಸ ಖಾಯಂ, ಖಾಯಂ ಆದರೆ ಮದುವೆ. ಅಲ್ಲ ಅಂದರೆ ಎರಡೂ ಇಲ್ಲ. ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ದೂರದಲ್ಲಿ ಅಂಚೆಯವನ ಟೋಪಿ ಕಂಡರೆ ಪಾಠ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ನಗು ಬಂದದ್ದೆಲ್ಲ ಆಮೇಲೆ.

1. ಸೇರಿನ ಲೆಕ್ಕ

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಅಕ್ಕಿ, ರಾಗಿ ಮಾರುತ್ತಿದ್ದರು. ನಾನು ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಒಂದು ದಿನ, “ಏನಪ್ಪಾ ನಿನ್ನ ಸಂಕಟ?” ಎಂದು ಕೇಳಿದರು.

ಡಿಗ್ರಿಯ ವಿಷಯ ಅಜ್ಜಿಗೆ ಹೇಗೆ ಹೇಳುವುದು? “ಅಜ್ಜೀ, ದೇವನಹಳ್ಳಿ ಸೇರು ಒಂದು ಥರ, ಹೊಸಕೋಟೆ ಸೇರು ಇನ್ನೊಂದು ಥರ ಅಲ್ವಾ? ಹಾಗೇ ಓದಿಗೂ ಊರಿಗೊಂದು ಅಳತೆ. ನನ್ನದು ಬೇರೆ ಊರಿನ ಅಳತೆ” ಎಂದೆ.

ಅಜ್ಜಿಗೆ ಥಟ್ಟನೆ ಅರ್ಥವಾಯಿತು. ಹತ್ತಿರ ಬಂದು, ಗುಟ್ಟು ಕೇಳುವವರ ಹಾಗೆ ದನಿ ತಗ್ಗಿಸಿದರು.

“ಅವರು ನಿಂಗೆ ಸೇರಿನ ಮೇಲೆ ಗೋಪುರ ಬರೋಹಂಗೆ ಅಳೆದುಕೊಟ್ಟಿದ್ರೋ, ಕೈಯಾಡಿಸಿ ಮಟ್ಟ ಮಾಡಿ ಕೊಟ್ಟಿದ್ರೋ?”

ನಾನು ಪಾಸಾಗಿದ್ದುದು ಮೂರನೇ ದರ್ಜೆಯಲ್ಲಿ. “ಮಟ್ಟ ಮಾಡಿ, ಅಜ್ಜೀ” ಎಂದೆ.

“ಅಯ್ಯೋ ಪಾಪ! ಅಷ್ಟು ದೂರ ಹೋಗಿದ್ದಕ್ಕಾದ್ರೂ ಒಂದು ಹಿಡಿ ಜಾಸ್ತಿ ಹಾಕಬಾರದಿತ್ತಾ ಅವರು?”

2. ನೂಲು ಉದ್ದ ಬಂತು

ನನಗೆ ಹೆಣ್ಣು ಕೊಡಲು ಒಪ್ಪಿದ್ದವರು ವಿಜಯಪುರದವರೇ, ಮನೆಯಲ್ಲೇ ರೇಷ್ಮೆ ನೂಲು ತೆಗೆಸುತ್ತಿದ್ದವರು. ಒಪ್ಪಿದ್ದರು ಎಂದರೆ, ಡಿಗ್ರಿಯ ವಿಷಯ ಕಿವಿಗೆ ಬೀಳುವವರೆಗೆ. ಬಿದ್ದ ಮೇಲೆ ಅವರಿಗೂ ಕಳವಳ ಹತ್ತಿತು.

“ದೆಹಲಿಯವರು ನೋಡೋದು ನೋಡ್ಲಿ, ನಾವೂ ಒಂದ್ಸಲ ನೋಡಿಬಿಡೋಣ” ಎಂದರು ಹುಡುಗಿಯ ತಂದೆ. “ಗೂಡು ಕೊಳ್ಳೋವಾಗ ರಾಶಿಯೆಲ್ಲಾ ಬಿಚ್ಚಿ ನೋಡ್ತೀವಾ? ಒಂದು ಹಿಡಿ ತೆಗೆದು ಬಿಸಿನೀರಿಗೆ ಹಾಕಿ, ನೂಲು ಕಡಿಯದೆ ಎಷ್ಟುದ್ದ ಬರುತ್ತೆ ಅಂತ ನೋಡ್ತೀವಿ.”

ಇಲ್ಲಿಯ ಬಿ.ಎ. ಆಗಿದ್ದ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರನ್ನು ಕರೆಸಿ, ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿದರು. ಬೀದಿಯ ಬಾವಿಗೆ ರಾಟೆ ಬೇಕೆಂದು ಇಬ್ಬರೂ ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕು. ಕಿಟಕಿಯ ಹಿಂದೆ ಬಳೆಯ ಸದ್ದು. ಗುಮಾಸ್ತರು ನಾಲ್ಕು ಸಾಲು ಗೀಚಿ ಎಲೆ ಅಡಿಕೆ ಹಾಕಿಕೊಂಡರು. ನಾನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಮಧ್ಯೆ ಒಂದು ಚುಕ್ಕೆಯನ್ನೂ ಇಡದೆ, ಹಾಳೆಯ ಎರಡೂ ಮಗ್ಗುಲು ಒಂದೇ ವಾಕ್ಯ ಬರೆದೆ.

ಗುಮಾಸ್ತರು ಅದನ್ನು ಓದಿ ಹುಬ್ಬು ಗಂಟಿಕ್ಕಿದರು. “ಎಲ್ಲೂ ನಿಲ್ಲೋದೇ ಇಲ್ವಲ್ಲ ಸ್ವಾಮಿ ಇದು?”

ಮಾವನಾಗಬೇಕಾದವರ ಮುಖ ಅರಳಿತು. ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು.

“ಲೇ, ಕೇಳಿದ್ಯೇನೇ? ಕೊನೇವರೆಗೂ ಒಂದು ಕಡೆನೂ ಕಡಿದಿಲ್ವಂತೆ!”

3. ತಿಳಿದವರ ಅಭಿಪ್ರಾಯ

ಮೇಲಿನ ಕಚೇರಿಯಿಂದ ಒಮ್ಮೆ ಹೆಡ್‌ಮಾಸ್ಟರಿಗೆ ಕಾಗದ ಬಂತು. ಉತ್ತರದ ಆ ವಿಶ್ವವಿದ್ಯಾಲಯದ ಓದಿನ ಮಟ್ಟ ಎಂಥದ್ದೆಂದು, ಅದನ್ನು ಬಲ್ಲವರಿಂದ ಅಭಿಪ್ರಾಯ ಪಡೆದು ಕಳಿಸಬೇಕಂತೆ.

ಹೆಡ್‌ಮಾಸ್ಟರು ಹೊಸಕೋಟೆಯಲ್ಲಿ ವಿಚಾರಿಸಿದರು, ದೊಡ್ಡಬಳ್ಳಾಪುರದಲ್ಲಿ ವಿಚಾರಿಸಿದರು. ನೆಲಮಂಗಲದಲ್ಲಿ ಯಾರೋ ಕಾಶಿಗೆ ಹೋಗಿಬಂದವರಿದ್ದಾರೆಂದು ತಿಳಿದು ಅವರನ್ನೂ ಕೇಳಿದರು. ಅವರು ಗಂಗೆಯ ಬಗ್ಗೆ ಮಾತ್ರ ಹೇಳಬಲ್ಲವರಾಗಿದ್ದರು. ಕೊನೆಗೆ ನನ್ನನ್ನೇ ಕರೆದು, “ಈ ಸೀಮೆಯಲ್ಲಿ ಅದನ್ನ ಬಲ್ಲವರು ನೀವೊಬ್ಬರೇ ಕಣ್ರೀ. ಬರೀರಿ” ಎಂದರು.

ನನಗೆ ಜೀವ ಬಂದಂತಾಯಿತು. ಅತಿ ಹೊಗಳಿದರೆ ಅನುಮಾನ ಬಂದೀತೆಂದು ಅಲ್ಲಲ್ಲಿ ಒಂದೆರಡು ಸಣ್ಣ ಕೊರತೆಗಳನ್ನೂ ಸೇರಿಸಿ, ಒಳ್ಳೆಯ ಅಭಿಪ್ರಾಯವನ್ನೇ ಬರೆದುಕೊಟ್ಟೆ. ಅದು ಹೋದ ವೇಗದಲ್ಲೇ ವಾಪಸು ಬಂತು. ಹೆಡ್‌ಮಾಸ್ಟರು ಕನ್ನಡಕ ಹಾಕಿಕೊಂಡು ಓದಿ ಹೇಳಿದರು.

“ನೀವು ಬರೆದದ್ದು ಬಹಳ ಚೆನ್ನಾಗಿದೆಯಂತೆ. ಆದರೆ ಅಭಿಪ್ರಾಯ ಕೊಡುವವರಿಗೆ ಮಾನ್ಯತೆ ಇರೋ ಡಿಗ್ರಿ ಇರಬೇಕಂತೆ.”

4. ಅಂತರಪಟದ ಎರಡು ಕಡೆ

ಕಾದು ಕಾದು ಮಾವನವರಿಗೆ ಸಾಕಾಯಿತು. ಇವತ್ತೋ ನಾಳೆಯೋ ಆರ್ಡರು ಬಂದೇ ಬರುತ್ತದೆ ಎಂದು ಹೆಡ್‌ಮಾಸ್ಟರು ಧೈರ್ಯ ಹೇಳಿದ ಮೇಲೆ ಮುಹೂರ್ತ ಇಡಿಸಿಬಿಟ್ಟರು. ಮುಹೂರ್ತದ ದಿನವೇ ಆರ್ಡರು ಕೈಗೆ ಸಿಗುತ್ತದೆಂದು ಸುದ್ದಿ ಬಂತು. ಅದನ್ನು ತರಲು ಹೆಡ್‌ಮಾಸ್ಟರೇ ಬೆಳಿಗ್ಗೆ ಬೆಂಗಳೂರಿಗೆ ಹೋದರು.

ಚಪ್ಪರದಲ್ಲಿ ಅಂತರಪಟ ಹಿಡಿದರು. ಆ ಕಡೆ ಹುಡುಗಿ, ಈ ಕಡೆ ನಾನು, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪಟ ಸರಿಸಿದ ಕೂಡಲೇ ಒಬ್ಬರ ತಲೆಯ ಮೇಲೆ ಒಬ್ಬರು ಹಾಕಬೇಕು. ಪುರೋಹಿತರು ಇನ್ನೇನು ಸರಿಸಿ ಎನ್ನಬೇಕು, ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಚಪ್ಪರದೊಳಕ್ಕೆ ಬಂದರು. ವಾಲಗ ನಿಂತಿತು.

“ಏನಂತೆ ಮೇಷ್ಟ್ರೇ? ಸಮವಂತೋ, ಅಲ್ವಂತೋ?” ಎಂದರು ಮಾವನವರು.

“ಸಮ!”

ಚಪ್ಪರವೆಲ್ಲ ಉಸಿರು ಬಿಟ್ಟಿತು. ಹೆಡ್‌ಮಾಸ್ಟರು ಮಾತ್ರ ಕಾಗದದಿಂದ ಕಣ್ಣು ಎತ್ತಲಿಲ್ಲ. “ಆದರೆ ಇನ್ನು ಮುಂದೆ ಪಾಸಾಗೋವರಿಗೆ. ಹಿಂದೆ ಪಾಸಾದವರು ಇಲ್ಲಿ ಇನ್ನೊಂದು ಪರೀಕ್ಷೆ ಬರೆದು ತೇರ್ಗಡೆಯಾಗಬೇಕಂತೆ.”

“ಪಟ ಸರಿಸಬೇಡಿ!” ಎಂದರು ಮಾವನವರು.

ಹಿರಿಯರು ಗುಂಪು ಕಟ್ಟಿದರು. ಪರೀಕ್ಷೆ ಯಾವಾಗ, ಫೇಲಾದರೆ ಏನು ಗತಿ, ಮದುವೆ ಮುಂದಕ್ಕೆ ಹಾಕಿದರೆ ಬಂದ ನೆಂಟರಿಗೆ ಏನು ಹೇಳುವುದು ಎಂದು ಗುಜುಗುಜು ಶುರುವಾಯಿತು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಕೂಗುತ್ತಲೇ ಇದ್ದರು. ಬಾಸಿಂಗದ ಕೆಳಗೆ ನನ್ನ ಬೆವರು ಧಾರಾಕಾರ. ಊರ ಮುಂದೆ ಹೀಗೆ ನಿಲ್ಲುವುದಕ್ಕಿಂತ ಓದದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿ ಅಳುವೇ ಬಂತು.

ಆಗ ಪಟದ ಆ ಕಡೆಯಿಂದ, ನಾನು ಅದುವರೆಗೆ ಕೇಳಿಯೇ ಇರದಿದ್ದ ದನಿ ಕೇಳಿಸಿತು.

“ಅಪ್ಪಯ್ಯಾ, ಬೆಲ್ಲ ಕರಗಿ ಕೈಯೆಲ್ಲಾ ಅಂಟಾಗ್ತಾ ಇದೆ. ಪರೀಕ್ಷೆ ತಾನೇ? ನಮ್ಮನೇಲಿ ಕೂತ್ಕೊಂಡೇ ಓದ್ಕೊಳ್ಲಿ.”

ಹಾಗೆಂದು, ಪಟ ಇನ್ನೂ ಎತ್ತರದಲ್ಲಿರುವಾಗಲೇ ಒಂದು ಕೈ ಅದರ ಮೇಲಿಂದ ಬಂದು ಜೀರಿಗೆ ಬೆಲ್ಲವನ್ನು ನನ್ನ ತಲೆಯ ಮೇಲೆ ಸುರಿಯಿತು. ಹೆಂಗಸರು ಹೋ ಎಂದು ನಕ್ಕರು. ವಾಲಗದವರು ಯಾರ ಅಪ್ಪಣೆಗೂ ಕಾಯದೆ ಗಟ್ಟಿಮೇಳ ಬಾರಿಸಿಬಿಟ್ಟರು. ಆ ಗದ್ದಲದಲ್ಲೇ ನಾನು ತಾಳಿ ಕಟ್ಟಿದೆ.

ಹೆಡ್‌ಮಾಸ್ಟರು ಕಾಗದದ ಹಾಳೆ ಮಗುಚಿ, “ತಡೀರಿ, ತಡೀರಿ! ಹಿಂದುಗಡೆ ಇನ್ನೂ ಒಂದು ಷರತ್ತು ಇದೆ” ಎಂದರು.

ಮಾವನವರು ಅವರ ಕೈಯಿಂದ ಕಾಗದ ತೆಗೆದು ಮಡಿಚಿ, ಅವರದೇ ಕೋಟಿನ ಜೇಬಿಗೆ ತುರುಕಿದರು.

“ಊಟಕ್ಕೆ ಏಳಿ ಮೇಷ್ಟ್ರೇ. ತಾಳಿ ಕಟ್ಟಾಯ್ತು. ಇನ್ಮೇಲೆ ಅವನು ಎಸ್ಸೆಸ್ಸೆಲ್ಸಿ ಫೇಲ್ ಅಂತ ಬಂದ್ರೂ ನಮ್ಮ ಅಳಿಯನೇ!”