ಅಭ್ಯಾಸಬಲ ಪರಿಹಾರ ಯೋಜನೆ

ಚಂಡಮಾರುತದಿಂದ ಬಡವರಿಗೆ ಹೇಳಿಕೊಳ್ಳುವಂಥ ನಷ್ಟವಾಗುವುದಿಲ್ಲ ಎಂಬುದು ಕ್ವೀನ್ಸ್‌ಲ್ಯಾಂಡಿನ ನಮ್ಮ ವರಿಂಬಾ ಪಟ್ಟಣದಲ್ಲಿ ಲೆಕ್ಕಸಮೇತ ಸಾಬೀತಾಗಿದೆ. ಸಾಬೀತುಪಡಿಸಿದವರು ಕ್ಯಾನ್‌ಬೆರಾದಿಂದ ಬಂದ ಅರ್ಥಶಾಸ್ತ್ರಜ್ಞ ಡಾ. ಲಾಕ್ಲನ್ ವಿಟ್ಕೂಂಬ್. ಇಂದಿನ ಖರ್ಚಿನಲ್ಲಿ ನಿನ್ನೆಯ ರೂಢಿಯನ್ನು ಕಳೆದರೆ ಉಳಿಯುವುದೇ ಮನುಷ್ಯನ ಸುಖ ಎಂಬುದು ಅವರ ಮಾದರಿ. ಆದ್ದರಿಂದ ಪರಿಹಾರ ಕಚೇರಿಯಲ್ಲಿ ನಾವು ಯಾರ ಸೂರು ಹಾರಿಹೋಗಿದೆ ಎಂದು ಕೇಳುವುದಿಲ್ಲ. ಹಿಂದೆ ಎಷ್ಟು ಖರ್ಚು ಮಾಡುತ್ತಿದ್ದಿರಿ ಎಂದು ಕೇಳುತ್ತೇವೆ.

ವಿಹಾರನೌಕೆಯ ಒಡೆಯ ಬ್ರೆಂಟ್ ಹ್ಯಾರಿಗನ್ ಅವರಿಗೆ ಷಾಂಪೇನ್ ತಣ್ಣಗಿಡುವ ಫ್ರಿಜ್ ಮೊದಲ ದಿನವೇ ಮಂಜೂರಾಯಿತು. ಬೆಚ್ಚಗಿನ ಷಾಂಪೇನ್ ಕುಡಿದು ರೂಢಿಯಿಲ್ಲದ ಅವರ ಸಂಕಟ ನೋಡಲಾಗುತ್ತಿರಲಿಲ್ಲ.

ಆಮೇಲೆ ಬಂದವಳು ಡೋರಿ ಪ್ಯಾಸ್ಕೋ. ಗಂಡ ಕ್ಲೆಮ್ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವನು; ಈಗ ಸಕ್ಕರೆ ಕಾಯಿಲೆ. ಇದ್ದ ಫ್ರಿಜ್ ಚಂಡಮಾರುತಕ್ಕೆ ಹಾಳಾಗಿ, ಅವನ ಇನ್ಸುಲಿನ್ ಇಡಲು ಇನ್ನೊಂದು ಬೇಕಿತ್ತು.

"ಹಳೇ ಫ್ರಿಜ್ ಎಲ್ಲಿ ತಗೊಂಡಿದ್ರಿ?" ಡಾ. ವಿಟ್ಕೂಂಬ್ ಕೇಳಿದರು.

"ತಗೊಳ್ಳೋದೆಲ್ಲಿ ಬಂತು? ಯಾರೋ ಮನೆ ಮುಂದೆ ಹೊರಗಿಟ್ಟಿದ್ರು, ಎತ್ಕೊಂಡ್ ಬಂದ್ವಿ."

"ಅಂದ್ರೆ ಖರ್ಚೇ ಮಾಡಿಲ್ಲ. ಖರ್ಚಿಲ್ಲ ಅಂದ್ರೆ ರೂಢಿ ಇಲ್ಲ. ರೂಢಿ ಇಲ್ದೇ ಇದ್ಮೇಲೆ ನೀವು ಏನೂ ಕಳ್ಕೊಂಡಿಲ್ಲ."

"ಔಷಧಿ ಕೆಟ್ಟೋಗ್ತಿದೆ ಕಣಯ್ಯಾ!"

"ಸ್ವಲ್ಪ ದಿನ ತಡ್ಕೊಳ್ಳಿ, ಅಭ್ಯಾಸ ಆಗುತ್ತೆ."

"ಯಾರ್ಗೆ, ನಂಗಾ ಇನ್ಸುಲಿನ್‌ಗಾ?"

ಸದರಿ ಪ್ರಶ್ನೆ ಮಾದರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅರ್ಜಿದಾರಳಿಗೆ ತಿಳಿಸಲಾಯಿತು.

ಡೋರಿ ಪೆಟ್ರೋಲ್ ಬಂಕಿನಿಂದ ದಿನಾ ಐಸ್ ತಂದು, ಬಿಯರ್ ಇಡುವ ಡಬ್ಬಿಯಲ್ಲಿ ಔಷಧಿ ಇಟ್ಟಳು. ಕೆಲವು ಸೀಸೆ ಹೆಪ್ಪುಗಟ್ಟಿ ಕೆಟ್ಟವು, ಉಳಿದವು ಐಸ್ ಕರಗಿ ಕೆಟ್ಟವು. ಕ್ಲೆಮ್‌ನ ಹಿಮ್ಮಡಿಯಲ್ಲಿ ಹುಣ್ಣಾಗಿ ಮೇಲೇರಿತು. ಆಸ್ಪತ್ರೆಯಲ್ಲಿ ಎಡಗಾಲು ತೆಗೆದರು. ಕಚೇರಿ ಕೈಕಟ್ಟಿ ಕೂರಲಿಲ್ಲ. ಪಾದರಕ್ಷೆಯ ಖರ್ಚು ಅರ್ಧಕ್ಕಿಳಿದ ಪ್ರಯುಕ್ತ ಕ್ಲೆಮ್‌ನ ರೂಢಿಯನ್ನು ತಗ್ಗಿಸಿ, ಅವನಿಗೆ ಬರುತ್ತಿದ್ದ ಅಷ್ಟಿಷ್ಟು ಭತ್ಯೆಯನ್ನೂ ಅದಕ್ಕೆ ಸರಿಹೊಂದಿಸಲಾಯಿತು. ಇಂಥ ಲೆಕ್ಕ ಹುಟ್ಟಿದ ತಲೆಗೆ ಏನು ಮಾಡಬೇಕೋ ನನಗೆ ತಿಳಿಯದು. ಸರ್ಕಾರ ಪದಕ ಕೊಟ್ಟಿತು.

ಯೋಜನೆಯ ಸಮಾರೋಪ ಬೌಲಿಂಗ್ ಕ್ಲಬ್ಬಿನಲ್ಲಿ ನಡೆಯಿತು. ಎಲ್ಲರಿಗೂ ಬ್ರೆಡ್ಡಿನಲ್ಲಿ ಸಾಸೇಜ್ ಸುತ್ತಿ ಕೊಟ್ಟರು.

"ಯಾರ್ಗಾದ್ರೂ ಇನ್ನೂ ಕಷ್ಟ ಇದ್ರೆ ಕೈ ಎತ್ತಿ," ಎಂದರು ಡಾ. ವಿಟ್ಕೂಂಬ್.

ಹ್ಯಾರಿಗನ್ ಒಬ್ಬರೇ ಎತ್ತಿದರು. ಫ್ರಿಜ್ ಸಾಲುತ್ತಿರಲಿಲ್ಲ. ದೊಡ್ಡದೊಂದು ಅಲ್ಲೇ ಮಂಜೂರಾಯಿತು.

"ನೀವು, ಡೋರಿ?"

ಗಂಡನ ಗಾಲಿಕುರ್ಚಿ ಹಿಡಿದು ನಿಂತಿದ್ದ ಡೋರಿ ತಲೆ ಎತ್ತಲಿಲ್ಲ. "ಅಭ್ಯಾಸ ಆಯ್ತು ಸಾರ್," ಎಂದಳು.

ಮಾದರಿ ನಿಜವಾಯಿತೆಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕ್ಲೆಮ್ ಕೂತೇ ತಟ್ಟಿದ.